ಟಾರಿಲ್ಲದ ದಾರಿ ಬೇಕಾಗಿದೆ

ಒಳ್ಳೆಯ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಹೊರಡುತ್ತೇವೆ, ತಲುಪುತ್ತೇವೆ. ಆಗುವುದೆಲ್ಲ ಕೆಟ್ಟ ರಸ್ತೆಯಲ್ಲಿ. ಕೆಟ್ಟ ರಸ್ತೆ ಹುಡುಕುವುದನ್ನೇ ನಾನು ಒಂದು ವರ್ಷ ಕೆಲಸ ಮಾಡಿಕೊಂಡಿದ್ದೆ, ಹಾಗಾಗಿ ವಾರಕ್ಕೊಂದಾದರೂ ಆಗುತ್ತಿತ್ತು. ಆಗುವಾಗ ಯಾವುದಕ್ಕೂ ನಗು ಬರಲಿಲ್ಲ. ಈಗ ಹೇಳಿದರೆ ಜನ ನಗುತ್ತಾರೆ. ನಗಲಿ.

ಕೆಲಸ

ಎರಡು ಸಾವಿರದ ಆರೋ ಏಳೋ ಇರಬೇಕು. ಚರಿತ್ರೆಯಲ್ಲಿ ಎಂ.ಎ. ಮಾಡಿ, ಕೊಪ್ಪದಲ್ಲಿ ಬಾಡಿಗೆ ಮನೆ ಹಿಡಿದು, ವರ್ಷದಲ್ಲಿ ಏಳು ತಿಂಗಳು ಅತಿಥಿ ಉಪನ್ಯಾಸಕನಾಗಿಯೂ ಉಳಿದ ಐದು ತಿಂಗಳು ಬರೀ ಅತಿಥಿಯಾಗಿಯೂ ಇದ್ದೆ. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು, ಕಾಯಂ. ನಮ್ಮ ಮನೆಯಲ್ಲಿ 'ಕಾಯಂ' ಎಂಬ ಶಬ್ದವನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

ಅಂಥ ಒಂದು ದಿನ ಬೆಂಗಳೂರಿನಿಂದ ಫೋನು ಬಂತು. ಆತ ಸೈಕಲ್ ಪ್ರವಾಸಗಳ ಸಂಸ್ಥೆಯೊಂದರ ಮಾಲೀಕ. ನನ್ನ ಹಳೆಯ ಸಹಪಾಠಿ ಯಾರೋ ಹೆಸರು ಕೊಟ್ಟಿದ್ದನಂತೆ. ಡಿಸೆಂಬರಿನಲ್ಲಿ ಏಳು ಮಂದಿ ವಿದೇಶೀಯರು ಬರುತ್ತಾರೆ. ನರಸಿಂಹರಾಜಪುರದಿಂದ ಹೊರಟು ಕೊಪ್ಪದ ಮೇಲೆ ಹಾದು ಶೃಂಗೇರಿ ಮುಟ್ಟಬೇಕು, ನಾಲ್ಕು ದಿನ. ಹಿನ್ನೀರು, ಗದ್ದೆಬಯಲು, ಕಾಫಿ, ಕಾಡು, ಹುಲ್ಲುಗುಡ್ಡ ಎಲ್ಲವೂ ಸಿಗಬೇಕು. ಆದರೆ ಇಡೀ ದಾರಿ ಜಲ್ಲಿ ಅಥವಾ ಮಣ್ಣಿನದಾಗಿರಬೇಕು. ಟಾರು ಕೂಡದು.

ಟಾರು ಇರಬೇಕೋ ಇರಬಾರದೋ ಎಂದು ನಾನು ಮೂರು ಸಲ ಕೇಳಿದೆ. ಮೂರು ಸಲವೂ ಆತ ಇರಬಾರದು ಎಂದ. ಇನ್ನೂ ಒಂದು ಮಾತು ಹೇಳಿದ. ಬರುವವರು ಒಂದೊಂದು ಕಿಲೋಮೀಟರನ್ನೂ ಬರೆದಿಡುವ ಜಾತಿ, ತುಳಿದಾದರೂ ನೂಕಿಯಾದರೂ ಪೂರ್ತಿ ದಾರಿ ಸೈಕಲ್ಲಿನಲ್ಲೇ ಆಗಬೇಕು. ಕೊನೆಯ ದಿನ ತಾನು ಶೃಂಗೇರಿಗೆ ಬಂದು ಅವರನ್ನೇ ವಿಚಾರಿಸುತ್ತೇನೆ. ಎಲ್ಲ ಸರಿಯಾಗಿದ್ದರೆ ಮಲೆನಾಡಿನ ಪ್ರವಾಸಗಳೆಲ್ಲ ನಿನ್ನ ಜವಾಬ್ದಾರಿ, ಕೆಲಸ ಕಾಯಂ ಎಂದ. ಸರಿಯಾಗದಿದ್ದರೆ ಏನು ಎಂದು ಆತ ಹೇಳಲಿಲ್ಲ. ಅದು ನನಗೆ ಗೊತ್ತಿತ್ತು.

ಸಂಜೆ ಹೆಂಡತಿಗೆ ವಿಷಯ ಹೇಳಿದೆ. ಅವಳು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ತಲೆಯೆತ್ತದೆ ಕೇಳಿಸಿಕೊಂಡಳು.

"ಕೆಟ್ಟ ರಸ್ತೆ ಹುಡುಕಲಿಕ್ಕೆ ಎಂ.ಎ. ಯಾಕೆ ಬೇಕು? ಬಸ್ಸಲ್ಲಿ ಕೊನೇ ಸೀಟಲ್ಲಿ ಕೂತವರನ್ನ ಕೇಳಿದ್ರೆ ಎಲ್ಲ ಹೇಳ್ತಾರೆ" ಎಂದಳು.

ಮರುದಿನದಿಂದ ಬಸ್ಸಿನ ಕೊನೆಯ ಸೀಟಿನಲ್ಲಿ ಕೂರತೊಡಗಿದೆ. ಅರ್ಧ ನಕ್ಷೆ ಅಲ್ಲಿಯೇ ತಯಾರಾಯಿತು.

ಕವಲಿನ ಅಂಗಡಿ

ಉಳಿದರ್ಧಕ್ಕೆ ಒಂದು ಗೇರಿನ ಸೈಕಲ್ ಹೊಂದಿಸಿಕೊಂಡೆ. ಅದರ ಹ್ಯಾಂಡಲಿಗೆ ದೂರ ತೋರಿಸುವ ಮೀಟರು.

ಕಮ್ಮರಡಿಯಿಂದ ಒಳಗೆ ಹೋದರೆ ಒಂದು ಕಡೆ ದಾರಿ ಕವಲಾಗುತ್ತದೆ. ಬಲದ್ದು ಗದ್ದೆಬಯಲಿನ ಅಂಚು ಹಿಡಿದು ಹೋಗುತ್ತದೆ, ಎಡದ್ದು ಗುಡ್ಡ ಹತ್ತುತ್ತದೆ. ಕವಲಿನಲ್ಲಿ ಒಂದು ಅಂಗಡಿ. ಅಲ್ಲಿ ಸೈಕಲ್ ನಿಲ್ಲಿಸಿ ನೋಟ್‌ಬುಕ್ ತೆಗೆದು ರಸ್ತೆ ನೋಡಿದೆ. ಮಾಡಿದ್ದು ಅಷ್ಟೇ. ನೋಟ್‌ಬುಕ್ ಹಿಡಿದು ರಸ್ತೆ ನೋಡುವವನು ಯಾರು ಎಂಬ ಬಗ್ಗೆ ನಮ್ಮ ಕಡೆ ಎರಡು ಅಭಿಪ್ರಾಯ ಇಲ್ಲ. ಹತ್ತು ನಿಮಿಷದಲ್ಲಿ ಎರಡೂ ದಾರಿಯವರು ಸೇರಿದರು.

ನಾನು ಸರ್ಕಾರದವನಲ್ಲ ಎಂದೆ. ಎಲ್ಲರೂ ತಲೆಯಾಡಿಸಿದರು. ಸರ್ಕಾರದವರು ಮೊದಲು ಹೇಳುವುದು ಅದನ್ನೇ ಎಂದು ಅಂಗಡಿಯವನು ಪಕ್ಕದವನಿಗೆ ತಿಳಿಸಿದ.

ಎಡದಾರಿಯ ಒಬ್ಬ ನನ್ನನ್ನು ಕೈಹಿಡಿದು ಒಂದು ಹೊಂಡದ ಹತ್ತಿರ ಕರೆದೊಯ್ದ. ಅಲ್ಲಿ ಅವನ ಸ್ಕೂಟರ್ ಬಿದ್ದು ಮುಂದಿನ ಹಲ್ಲು ಹೋಗಿತ್ತು. ಹೊಂಡವನ್ನೂ ತೋರಿಸಿದ, ಬಾಯನ್ನೂ ತೋರಿಸಿದ. ಎರಡರ ಅಳತೆಯನ್ನೂ ನಾನು ಬರೆದುಕೊಳ್ಳಲೆಂದು ಕಾದು ನಿಂತ. ಅಷ್ಟರಲ್ಲಿ ಬಲದಾರಿಯವರು ನನ್ನ ಸೈಕಲನ್ನೇ ತಮ್ಮ ಕಡೆಗೆ ತಳ್ಳಿಕೊಂಡು ಹೋಗಿದ್ದರು, ಸೈಕಲ್ ಹೋದಲ್ಲಿಗೆ ಸಾಹೇಬರು ಬರುತ್ತಾರೆಂದು. ಅಲ್ಲಿ ಒಂದು ಮೋರಿ ಕುಸಿದಿತ್ತು. ಹೊಂಡಕ್ಕಿಂತ ಮೋರಿ ಎಷ್ಟು ಕಷ್ಟದ್ದು ಎಂಬ ಬಗ್ಗೆ ಅವರಲ್ಲೊಬ್ಬ ಒಳ್ಳೆಯ ಉಪನ್ಯಾಸವನ್ನೇ ಕೊಟ್ಟ. ನನ್ನ ಯಾವ ತರಗತಿಯೂ ಅಷ್ಟು ಚೆನ್ನಾಗಿ ನಡೆದಿರಲಿಲ್ಲ.

ಎಡದವನು ಬಿಡಲಿಲ್ಲ. "ಅವ್ರ ರಸ್ತೆ ಎಂತ ಹಾಳು ಸಾರ್, ನಿನ್ನೆ ಮೊನ್ನೆ ಹಾಳಾಗಿದ್ದು. ನಮ್ದು ನಮ್ಮಜ್ಜನ ಕಾಲದಿಂದ ಹಾಳು."

ಮಾತು ಜೋರಾಯಿತು. ಇವರನ್ನು ನಂಬಿಸಿ ಹೋದೆ ಎಂಬ ಪಾಪ ನನಗೇಕೆ ಎಂದು ನಿಜ ಹೇಳಿಬಿಟ್ಟೆ. ವಿದೇಶದಿಂದ ಏಳು ಜನ ಬರುತ್ತಾರೆ, ಅವರಿಗೆ ಇಂಥ ರಸ್ತೆಯೇ ಬೇಕು, ಸೈಕಲ್ ಹೊಡೆಯುವುದಕ್ಕೆ, ಸಂತೋಷಕ್ಕೆ.

ಹಲ್ಲು ಹೋದವನು ಬಾಯಿ ಮುಚ್ಚಿಕೊಂಡ. ಕೊನೆಗೆ ಅಂಗಡಿಯವನು ಬಹಳ ಮರ್ಯಾದೆಯಿಂದ ಹೇಳಿದ, "ಸಾರ್, ರಸ್ತೆ ಮಾಡಿಸದಿದ್ರೆ ಬೇಡ. ತಮಾಷೆ ಮಾಡಬೇಡಿ."

ನಕ್ಷೆ

ಆ ವರ್ಷಗಳಲ್ಲಿ ನಮ್ಮ ಕಾಡುಗಳಲ್ಲಿ ನಕ್ಸಲೀಯರಿಗಾಗಿ ಪೊಲೀಸರ ಹುಡುಕಾಟ ನಡೆಯುತ್ತಿತ್ತು. ಇದು ನನಗೆ ಗೊತ್ತಿದ್ದ ವಿಷಯವೇ, ಪೇಪರಿನಲ್ಲಿ ದಿನಾ ಓದುತ್ತಿದ್ದೆ. ನನ್ನ ಮಟ್ಟಿಗೆ ಅದರ ಅರ್ಥವೇನೆಂದು ಹೊಳೆದದ್ದು ಮಾತ್ರ ಕಾಡಿನೊಳಗಿನ ಒಂದು ತಿರುವಿನಲ್ಲಿ ಜೀಪು ಅಡ್ಡ ನಿಂತಿದ್ದನ್ನು ಕಂಡಾಗ.

ಕೆಳಗಿಳಿಯಲು ಹೇಳಿದರು. ಆ ಒಂದು ನಿಮಿಷ ನನ್ನನ್ನು ನಾನೇ ಹೊರಗಿನಿಂದ ನೋಡಿಕೊಂಡೆ. ಮೂವತ್ತೆರಡು ವರ್ಷ. ಗಡ್ಡ. ವಿಶ್ವವಿದ್ಯಾಲಯದಲ್ಲಿ ಓದಿದವನು. ಕಾಯಂ ಕೆಲಸ ಇಲ್ಲ. ಚೀಲದಲ್ಲಿ ಕಾಡುದಾರಿಗಳ ಕೈನಕ್ಷೆ. ನಾನು ಪೊಲೀಸನಾಗಿದ್ದರೆ ನನ್ನನ್ನು ಖಂಡಿತ ಬಿಡುತ್ತಿರಲಿಲ್ಲ.

ಅಧಿಕಾರಿ ಸೌಮ್ಯ ಮನುಷ್ಯ, ಅದು ಇನ್ನೂ ಭಯ. ಈ ನಕ್ಷೆ ಯಾರಿಗೆ ಎಂದು ಕೇಳಿದರು. ವಿದೇಶೀಯರಿಗೆ ಎಂದೆ. ಹೇಳಿದ ಮೇಲೆ ಬೇರೆ ಶಬ್ದ ಇರಬೇಕಿತ್ತು ಅನ್ನಿಸಿತು. ಅವರು ನೋಟ್‌ಬುಕ್ ತಿರುವಿ ಒಂದು ಪುಟದಲ್ಲಿ ಬೆರಳಿಟ್ಟರು. ಅಲ್ಲಿ ನನ್ನದೇ ಅಕ್ಷರದಲ್ಲಿ, 'ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಬಹಳ ಅನುಕೂಲ' ಎಂದಿತ್ತು.

ಇದೇನು ಎಂದು ಕೇಳಿದರು. ಬುತ್ತಿ ಬಿಚ್ಚಲು ಸಾರ್, ಎಂದೆ. ನನ್ನ ದನಿಯನ್ನು ನಾನೇ ನಂಬಲಿಲ್ಲ.

ಆಮೇಲೆ ಅವರು ತಮ್ಮ ನಕ್ಷೆ ತರಿಸಿ ಜೀಪಿನ ಬಾನೆಟ್ಟಿನ ಮೇಲೆ ಎರಡನ್ನೂ ಪಕ್ಕ ಪಕ್ಕ ಹಾಸಿದರು. ಬಹಳ ಹೊತ್ತು ನೋಡಿದರು. ಒಂದು ಹಳ್ಳದ ಮೇಲೆ ಬೆರಳು ನಿಂತಿತು. ತಮ್ಮ ನಕ್ಷೆಯಲ್ಲಿ ಅಲ್ಲಿ ಸೇತುವೆ ಇದೆ, ನನ್ನದರಲ್ಲಿ ಏಕಿಲ್ಲ ಎಂದು ಕೇಳಿದರು. ಅಲ್ಲಿ ಸೇತುವೆ ಇಲ್ಲ, ಎರಡು ಅಡಿಕೆಮರ ಹಾಸಿದ ಸಂಕ ಇದೆ, ಸೈಕಲ್ ಹೊತ್ತುಕೊಂಡು ದಾಟಬೇಕು ಎಂದೆ.

ಅಧಿಕಾರಿ ಡ್ರೈವರನ ಮುಖ ನೋಡಿದರು. ಡ್ರೈವರ್ ಜೀಪಿನ ಮುಂಭಾಗ ನೋಡಿದ. ನಾನೂ ನೋಡಿದೆ. ಒಂದು ಲೈಟು ಇರಲಿಲ್ಲ, ಬಂಪರನ್ನು ಹಗ್ಗದಲ್ಲಿ ಕಟ್ಟಿತ್ತು.

"ಹೋದ ವಾರ ಎಲ್ಲಿದ್ರಿ ನೀವು?" ಎಂದು ಅಧಿಕಾರಿ ಕೇಳಿದರು.

ಮನೆಯಲ್ಲೇ ಇದ್ದೆ, ಹೆಂಡತಿ ಸಾಕ್ಷಿ ಎಂದೆ. ಅದು ವಿಚಾರಣೆಯಲ್ಲ, ಜೀಪು ಹಳ್ಳಕ್ಕಿಳಿಯುವ ಮೊದಲು ಯಾಕೆ ಸಿಗಲಿಲ್ಲ ಎಂಬ ಆಕ್ಷೇಪಣೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಾನೆಟ್ಟಿನ ಮೇಲೆಯೇ ನಕ್ಷೆಯ ಒಂದು ಪ್ರತಿ ಬರೆದುಕೊಟ್ಟು ಬಂದೆ. ಬುತ್ತಿಯ ಜಾಗವನ್ನೂ ಬಿಡದೆ ಬರೆಸಿಕೊಂಡರು.

ಉದ್ಘಾಟನೆ

ಅಡ್ಡಗದ್ದೆಯ ಆಚೆ ನನಗೆ ಮೂರು ಕಿಲೋಮೀಟರಿನ ಒಂದು ದಾರಿ ಸಿಕ್ಕಿತ್ತು. ನಾನು ಯಾವುದನ್ನೂ ಸುಲಭಕ್ಕೆ ಹೊಗಳುವವನಲ್ಲ. ಆದರೆ ಆ ದಾರಿ ಚೆನ್ನಾಗಿತ್ತು. ಕೆಂಪು ಜಲ್ಲಿ, ಒಂದು ಬದಿಗೆ ಕೊಯ್ಲಿಗೆ ಬಂದ ಗದ್ದೆ, ಇನ್ನೊಂದು ಬದಿಗೆ ತೊರೆ, ಕೊನೆಯಲ್ಲಿ ಇದ್ದಕ್ಕಿದ್ದಂತೆ ತೆರೆದುಕೊಳ್ಳುವ ಹುಲ್ಲುಗುಡ್ಡ. ಕೊನೆಯ ದಿನದ ದಾರಿ ಇದೇ ಎಂದು ಬೆಂಗಳೂರಿಗೆ ಬರೆದು ಕಳಿಸಿದೆ. ಮಾಲೀಕ ಫೋಟೋ ನೋಡಿ, ಇಡೀ ಪ್ರವಾಸ ಈ ಮೂರು ಕಿಲೋಮೀಟರಿಗಾಗಿಯೇ ಎಂದ. ಖಚಿತ ಮಾಡಿಕೊಳ್ಳಲು ಮೂರು ಸಲ ಹೋಗಿ ಬಂದೆ. ಮೂರು ಸಲವೂ ಮೀಟರು ನೋಡಿ ಬರೆದುಕೊಂಡೆ. ತಪ್ಪಾದದ್ದು ಅಲ್ಲೇ.

ನಾಲ್ಕನೆಯ ಸಲ ಹೋದಾಗ ನವೆಂಬರ್ ಮುಗಿಯುತ್ತಿತ್ತು. ದಾರಿಯ ಬಾಯಲ್ಲಿ ಟಾರಿನ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಒಂದರ ಕೆಳಗೆ ಬೆಂಕಿ ಉರಿಯುತ್ತಿತ್ತು.

ಊರಿನ ಹಿರಿಯರೊಬ್ಬರು ಓಡಿ ಬಂದು ನನ್ನ ಕೈ ಹಿಡಿದುಕೊಂಡರು. ಎಷ್ಟೋ ವರ್ಷದಿಂದ ಅರ್ಜಿ ಕೊಟ್ಟು ಸುಸ್ತಾಗಿದ್ದರಂತೆ. ಈ ಸಲ ಅರ್ಜಿಯಲ್ಲಿ, ಕೊಪ್ಪದಿಂದ ಸಾಹೇಬರೊಬ್ಬರು ಮೂರು ಸಲ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ, ಮುಂದೇನಾಯಿತು ಎಂದು ಕೇಳಿದರಂತೆ. ಯಾವ ಸಾಹೇಬ ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೇಲಿನವರು ಯಾರೋ ಇರಬೇಕೆಂದು ಗಡಿಬಿಡಿಯಲ್ಲಿ ಮಂಜೂರು ಮಾಡಿದರು.

ಎರಡು ವಾರ ತಡೆದು ಹಾಕಿಸಬಹುದೇ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ಹೋದ ಮಳೆಗಾಲದಲ್ಲಿ ಬಸುರಿ ಸೊಸೆಯನ್ನು ಕುರ್ಚಿಗೆ ಕೂರಿಸಿ ಇದೇ ಮೂರು ಕಿಲೋಮೀಟರು ನಾಲ್ಕು ಜನ ಹೊತ್ತು ನಡೆದದ್ದನ್ನು ಹೇಳಿದರು. ಬಾಯಿ ಮುಚ್ಚಿದೆ. ಹುಲ್ಲುಗುಡ್ಡದ ಕಡೆಗೆ ನೋಡಲಿಲ್ಲ.

ರಸ್ತೆ ಮುಗಿದ ದಿನ ನನಗೇ ಹಾರ ಹಾಕಿದರು. ಟೇಪು ಕತ್ತರಿಸಿದೆ. ನಾಲ್ಕು ಮಾತು ಆಡಬೇಕೆಂದರು. ಟಾರು ರಸ್ತೆಯ ಪ್ರಯೋಜನಗಳು ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿದೆ. ಫೋಟೋ ತೆಗೆದರು. ಅದರ ಒಂದು ಪ್ರತಿ ಬೆಂಗಳೂರಿಗೂ ಕಳಿಸಿಕೊಡಬೇಕೇ ಎಂದು ಹೆಂಡತಿ ಕೇಳಿದಳು.

ಬಾಟಲಿ

ಬೇರೆ ದಾರಿ ಹುಡುಕಿದೆ. ಡಿಸೆಂಬರ್ ಬಂತು, ಏಳು ಮಂದಿಯೂ ಬಂದರು. ನಾಲ್ವರು ಗಂಡಸರು, ಮೂವರು ಹೆಂಗಸರು, ಯಾರೂ ಐವತ್ತಕ್ಕಿಂತ ಚಿಕ್ಕವರಲ್ಲ. ಅವರಲ್ಲೊಬ್ಬ ನಿವೃತ್ತ ಎಂಜಿನಿಯರು. ಎಲ್ಲರ ಮೀಟರನ್ನೂ ರಾತ್ರಿ ಊಟಕ್ಕೆ ಮೊದಲು ಓದಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ನನಗೆ ಅವನನ್ನು ಕಂಡರೆ ಪರೀಕ್ಷಾ ಕೊಠಡಿಯ ನೆನಪಾಗುತ್ತಿತ್ತು.

ಮೊದಲ ದಿನ ನರಸಿಂಹರಾಜಪುರದಿಂದ ಹೊರಟು ಭದ್ರಾ ಹಿನ್ನೀರಿನ ಅಂಚಿನ ಮಣ್ಣುದಾರಿ, ಆಮೇಲೆ ತೇಗದ ತೋಪು. ಹನ್ನೊಂದು ಗಂಟೆಗೆ ಒಂದು ಮನೆಯ ಜಗಲಿಯಲ್ಲಿ ಕೂತೆವು. ಮನೆಯ ಅಜ್ಜಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಎಂಜಿನಿಯರು ನೀರು ಮುಟ್ಟದೆ ತನ್ನ ಚೀಲದಿಂದ ಸೀಲು ಹಾಕಿದ ಬಾಟಲಿ ತೆಗೆದ. ಅಜ್ಜಿ ಬೇಸರ ಮಾಡಿಕೊಳ್ಳುತ್ತಾರೆಂದು ನನಗೆ ದಿಗಿಲಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವನನ್ನೇ ಕನಿಕರದಿಂದ ನೋಡಿದರು.

"ನೀರನ್ನೂ ಮನೆಯಿಂದ ಹೊತ್ಕೊಂಡು ಬಂದಿದಾನಲ್ಲ. ಅವನ ಊರಲ್ಲಿ ಯಾರೂ ಕುಡಿಯಕ್ಕೆ ಕೊಡಲ್ವಾ?"

ನಾನು ವಿವರಿಸುವ ಮೊದಲೇ ಅವರು ಅವನ ಬಾಟಲಿ ತೆಗೆದುಕೊಂಡು ಒಳಗೆ ಹೋಗಿ, ಇದ್ದ ನೀರನ್ನು ಗಿಡಕ್ಕೆ ಚೆಲ್ಲಿ, ಬಾವಿಯಿಂದ ಸೇದಿದ ನೀರು ತುಂಬಿಸಿ ತಂದು ಕೊಟ್ಟರು. ಕುಡಿದು ಮುಗಿಸುವವರೆಗೂ ಎದುರಿಗೇ ನಿಂತರು. ಅವನು ಕುಡಿದ.

ಎರಡು ದಿನ ನಾನು ದಾರಿ ನೋಡಲಿಲ್ಲ, ಅವನ ಮುಖ ನೋಡಿದೆ. ಅವನು ಕೆಮ್ಮಿದರೆ ನಿಲ್ಲುತ್ತಿದ್ದೆ. ಗಿಡದ ಮರೆಗೆ ಹೋದರೆ ಗಡಿಯಾರ ನೋಡುತ್ತಿದ್ದೆ. ಅವನಿಗೆ ಏನೂ ಆಗಲಿಲ್ಲ. ಎರಡನೆಯ ದಿನ ಸಂಜೆ ಹೊಟ್ಟೆ ಕೆಟ್ಟದ್ದು ನನಗೆ.

ಹರಕೆ

ಮೂರನೆಯ ದಿನದ ದಾರಿ ಬಸರೀಕಟ್ಟೆ ಕಡೆಯ ಕಾಫಿ ತೋಟಗಳ ನಡುವೆ. ಸಂಜೆಗೆ ತೋಟದ ಒಂದು ಹಳೆಯ ಬಂಗಲೆಯಲ್ಲಿ ತಂಗಿ, ನಾಲ್ಕನೆಯ ದಿನ ಶೃಂಗೇರಿ. ಅಲ್ಲಿ ಮಾಲೀಕ ಕಾಯುತ್ತಿರುತ್ತಾನೆ. ಬೆಳಿಗ್ಗೆ ಹೊರಡುವಾಗ ಏಳು ಮಂದಿಯನ್ನೂ ನಿಲ್ಲಿಸಿ ಒಂದು ಮಾತು ಹೇಳಿದೆ. ಇಲ್ಲಿಯ ಜನ ಏನಾದರೂ ಕೊಟ್ಟರೆ, ಕರೆದರೆ, ಬೇಡ ಅನ್ನಬೇಡಿ, ಅವರಿಗೆ ನೋವಾಗುತ್ತದೆ. ಏಳೂ ಮಂದಿ ಶಿಸ್ತಿನ ಜನ. ಒಬ್ಬಿಬ್ಬರು ಬರೆದುಕೊಂಡರು.

ಏಳು ಜನರಲ್ಲಿ ಒಬ್ಬ ಸಾವಕಾಶದ ಮನುಷ್ಯ. ಕಂಡ ಬಸವನಹುಳುವಿನದೆಲ್ಲ ಫೋಟೋ ತೆಗೆಯುತ್ತಿದ್ದ. ಕೊನೆಯವನನ್ನು ಬಿಟ್ಟು ಹೋಗಬಾರದೆಂದು ನಾನು ಅವನ ಜೊತೆ ಉಳಿದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಏರು ಶುರುವಾಯಿತು, ಉರುಳು ಜಲ್ಲಿಯ ಏರು, ಎಂಥವನೂ ಇಳಿದು ತಳ್ಳಬೇಕು. ಮುಂದಿನ ಆರು ಜನ ತಿರುವುಗಳಲ್ಲಿ ಒಬ್ಬೊಬ್ಬರಾಗಿ ಕಾಣುತ್ತಿದ್ದರು. ಆಮೇಲೆ ಹುಳು ಒಂದು ಸಿಕ್ಕಿತು, ನಾವು ನಿಂತೆವು. ಮತ್ತೆ ತಲೆಯೆತ್ತಿ ನೋಡಿದರೆ ಮೇಲೆ ಒಬ್ಬರೂ ಇಲ್ಲ.

ಏರು ಮುಗಿಯಿತು, ಇಲ್ಲ. ಇಳಿಜಾರು ಬಂತು, ಇಲ್ಲ. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ದಾರಿ ತಪ್ಪಿದರೆ, ಕಾಡುಕೋಣ ಎದುರಾದರೆ, ಬಂಪರ್ ಕಟ್ಟಿಕೊಂಡ ಆ ಜೀಪಿನವರು ಹಿಡಿದರೆ, ಹೀಗೆ ಒಂದೊಂದಾಗಿ ಯೋಚಿಸಿದೆ. ಯೋಚನೆಗಳಿಗೆ ಬರವಿರಲಿಲ್ಲ. ದನ ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ, ಬಿಳಿಯ ಜನ ಆರು ಮಂದಿ ಈ ಕಡೆ ಹೋದರೇ ಎಂದು ಕೇಳಿದೆ. ಹೋದರು ಎಂದಳು. ಸೈಕಲ್ಲಿನಲ್ಲೇ ಹೋದರೇ ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ಜನವೂ ಹೋದ್ರು. ಸೈಕಲ್ಲೂ ಹೋತು."

ಇದಕ್ಕಿಂತ ಹೆಚ್ಚು ವಿವರ ಅವಳಲ್ಲಿರಲಿಲ್ಲ.

ಬಂಗಲೆಗೆ ಬಂದಾಗ ಐದು ಗಂಟೆ. ಅಡುಗೆಯವನು ಎಂಟು ತಟ್ಟೆ ಒರೆಸಿಟ್ಟು ಬಾಗಿಲಲ್ಲಿ ನಿಂತಿದ್ದ. ಮತ್ತೆ ಯಾರೂ ಇರಲಿಲ್ಲ. ಬಂಗಲೆಯ ಫೋನು ಹಿಡಿದು ಗೊತ್ತಿದ್ದ ಕಡೆಗೆಲ್ಲ ಮಾಡಿದೆ. ಕೊನೆಗೆ, ಮರುದಿನಕ್ಕೆ ಕೋಣೆ ಗೊತ್ತು ಮಾಡಿದ್ದ ಶೃಂಗೇರಿಯ ವಸತಿಗೃಹಕ್ಕೆ ಮಾಡಿದೆ. ಅಲ್ಲಿಯ ಮ್ಯಾನೇಜರು, ನಿಮ್ಮವರು ನಾಳೆ ಎಂದಿರಲ್ಲ, ಇವತ್ತೇ ಬಂದು ಕೂತಿದ್ದಾರೆ, ಆರು ಜನ, ಆರು ಸೈಕಲ್ಲು, ಕರೆತಂದ ಜೀಪಿನವನಿಗೆ ಅವರೇ ದೋಸೆ ಕೊಡಿಸುತ್ತಿದ್ದಾರೆ ಎಂದರು.

ಜೀಪಿನವನನ್ನು ಫೋನಿಗೆ ಕರೆಸಿದೆ. ತೋಟಕ್ಕೆ ಆಳುಗಳನ್ನು ಸಾಗಿಸುವ ಜೀಪು ಅವನದು. ಅವನ ದನಿಯಲ್ಲಿ ಒಂದು ಪುಣ್ಯಕಾರ್ಯ ಮುಗಿಸಿದವನ ಗಾಂಭೀರ್ಯವಿತ್ತು. ಏರಿನ ಬುಡದಲ್ಲಿ ತೋಟದ ಅಡ್ಡದಾರಿಯಿಂದ ಬಂದು ಸೇರಿ, ಖಾಲಿ ಜೀಪಿನಲ್ಲಿ ಹತ್ತಿ ಬರುವಾಗ ವಯಸ್ಸಾದ ಒಬ್ಬ ಹೆಂಗಸು ಮುಖ ಕೆಂಪಗೆ ಮಾಡಿಕೊಂಡು ಸೈಕಲ್ ನೂಕುತ್ತಿದ್ದರಂತೆ. ನೋಡಲಾಗಲಿಲ್ಲವಂತೆ. ನಿಲ್ಲಿಸಿ, ಕೈಸನ್ನೆ ಮಾಡಿ ಕರೆದ, ಹತ್ತಿದರು. ಮುಂದಿನ ತಿರುವಿನಲ್ಲಿ ಇನ್ನೊಬ್ಬರು, ಅದರ ಮುಂದೆ ಮತ್ತೊಬ್ಬರು. ಯಾರೂ ಬೇಡ ಅನ್ನಲಿಲ್ಲ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಎಲ್ಲರೂ ಶೃಂಗೇರಿ ಎಂದರು.

"ಇಷ್ಟು ಜನಕ್ಕೆ ಒಂದು ಗಾಡಿ ಮಾಡಿಕೊಡೋರು ಇಲ್ವಾ ಸಾರ್? ಅವರ ಮನೇಲಿ ಯಾರೂ ಇಲ್ವಾ?" ಎಂದು ನನ್ನನ್ನೇ ಕೇಳಿದ.

ಹಿಂದಿನಿಂದ ಎಂಜಿನಿಯರನ ದನಿ ಕೇಳುತ್ತಿತ್ತು. ಮೀಟರಿನಲ್ಲಿ ಕಡಿಮೆ ಬಿದ್ದ ಕಿಲೋಮೀಟರುಗಳ ಲೆಕ್ಕವನ್ನು ಯಾರಿಗೋ ಓದಿ ಹೇಳುತ್ತಿದ್ದ. ನಾಳೆ ಅದನ್ನು ಮಾಲೀಕನಿಗೂ ಓದುತ್ತಾನೆ. ಒಂದು ವರ್ಷ ಕೊನೆಯ ಸೀಟಿನಲ್ಲಿ ಕೂತು ಕಟ್ಟಿದ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಅವರು ಸೈಕಲ್ಲಿನಲ್ಲೇ ಹೋಗಬೇಕಿತ್ತು ಮಾರಾಯ, ಎಂದೆ. ಯಾಕೆ ಎಂದ. ಸಂತೋಷಕ್ಕೆ ಎಂದೆ. ಆ ಅಮ್ಮನ ಮುಖ ನಾನು ನೋಡಿದ್ದೇನೆ, ಅದು ಸಂತೋಷ ಅಲ್ಲ, ಎಂದ.

ಇವನಿಗೆ ಅರ್ಥವಾಗುವ ಕಾರಣ ಬೇಕಿತ್ತು. ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಹೆಂಡತಿಗೆ ಗೊತ್ತು, ಮಾವನವರಿಗೂ ಗೊತ್ತು, ಇಬ್ಬರೂ ಆ ಮಾತು ಎತ್ತುವುದನ್ನು ಬಿಟ್ಟಿದ್ದಾರೆ. ಆದರೂ ಬಾಯಿಂದ ಬಂದದ್ದು ಹೀಗೆ: "ಅದು ಹರಕೆ. ಸೈಕಲ್ಲಲ್ಲೇ ಶೃಂಗೇರಿಗೆ ಬರ್ತೇವೆ ಅಂತ ಹೇಳ್ಕೊಂಡಿದಾರೆ."

ದೋಸೆ ಜಗಿಯುವ ಶಬ್ದ ನಿಂತಿತು. ಅವನು ಮಾತಾಡಿದಾಗ ದನಿ ಪಾತಾಳದಲ್ಲಿತ್ತು.

"ಮೊದ್ಲೇ ಒಂದು ಬೋರ್ಡ್ ಹಾಕ್ಬಾರ್ದಾ ಮಾರಾಯ್ರೆ. ಆರು ಜನರ ಹರಕೆ ಮುರಿಸಿದ್ನಲ್ಲ ನಾನು."

ಮರುದಿನ ಬೆಳಕು ಹರಿಯುವಾಗ ಬಂಗಲೆಯ ಮುಂದೆ ಜೀಪು ನಿಂತಿತ್ತು. ಆರೂ ಜನ ಅದರೊಳಗೆ, ಆರೂ ಸೈಕಲ್ಲು ಮೇಲೆ ಕಟ್ಟಿ. ಜೀಪಿನವನು ಮಿಂದು, ಹಣೆಗೆ ವಿಭೂತಿ ಬಳಿದು ಬಂದಿದ್ದ. ನನ್ನ ಸೈಕಲ್ಲನ್ನೂ ಹೇರಿಕೊಂಡು ನಾನು ಮುಂದೆ ಕೂತೆ, ಏನಾಗುತ್ತದೋ ನೋಡಲು. ಹುಳುವಿನವನು ಬಂಗಲೆಯಲ್ಲೇ ಉಳಿದ, ಅವನ ಹರಕೆ ಮುರಿದಿರಲಿಲ್ಲ.

ಜೀಪು ಏರಿನ ತಲೆಯಿಂದ ಕೆಳಗಿಳಿಯುತ್ತ ಒಬ್ಬೊಬ್ಬರನ್ನು ಹತ್ತಿಸಿಕೊಂಡಲ್ಲೇ ಇಳಿಸಿತು. ಅಂದಾಜಿಗಲ್ಲ, ಕರಾರುವಾಕ್ಕಾಗಿ. ಒಬ್ಬನನ್ನು ಇಳಿಸಿ ಹತ್ತು ಹೆಜ್ಜೆ ಮುಂದೆ ಹೋದ ಜೀಪಿನವನು ಮತ್ತೆ ಹಿಂದೆ ಬಂದು, ಆ ಹಲಸಿನ ಮರದ ಈಚೆ ಅಲ್ಲ, ಆಚೆ, ಎಂದು ಅವನನ್ನು ತೋಳು ಹಿಡಿದು ಸರಿಸಿ ನಿಲ್ಲಿಸಿದ. ಎಂಜಿನಿಯರು ತನ್ನ ಪುಸ್ತಕ ತೆಗೆದು ಜಾಗ ತಾಳೆ ನೋಡಿದ. ಮೀಟರಿನ ಅಂಕಿ ಸರಿಯಾಗಿ ಕೂತಿತು. ಅವನ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ. ಇಂಥ ವ್ಯವಸ್ಥೆಯನ್ನು ಯಾವ ದೇಶದಲ್ಲೂ ನೋಡಿಲ್ಲ ಎಂದ. ಇದು ನನ್ನ ವ್ಯವಸ್ಥೆಯಲ್ಲ ಎಂದು ಹೇಳಬೇಕಿತ್ತು. ಸಮಯ ಸಾಲಲಿಲ್ಲ.

ಎಲ್ಲಕ್ಕಿಂತ ಕೆಳಗೆ, ಏರಿನ ಬುಡದಲ್ಲಿ, ಆ ವಯಸ್ಸಾದ ಹೆಂಗಸನ್ನು ಇಳಿಸಿದ. ಅವರಿಗೆ ಕೈಮುಗಿದ. ಅವರೂ ಮುಗಿದರು. ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಮಾಡಬೇಕಿತ್ತು, ಆದರೆ ಮಾಡಬಹುದಿತ್ತು. ಬಂಗಲೆಯವರೆಗೆ ಜೀಪಿನಲ್ಲೇ ವಾಪಸು ಹೋಗೋಣವೆಂದು ಸೀಟಿಗೆ ಒರಗಿದೆ.

ಜೀಪು ತಿರುಗಿಸುತ್ತ ಅವನು ಕೇಳಿದ, "ನಿಮ್ದು ಎಂತ ಹರಕೆ ಸಾರ್?"

ನನ್ನಲ್ಲಿ ಸುಳ್ಳು ಮುಗಿದಿತ್ತು. "ಕೆಲಸ ಕಾಯಂ ಆಗ್ಬೇಕು" ಎಂದೆ.

ಅವನು ಬ್ರೇಕು ಹಾಕಿದ. ಕೆಳಗಿಳಿದು ಹಿಂದೆ ಹೋಗಿ ನನ್ನ ಸೈಕಲ್ ಇಳಿಸಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ನನ್ನ ಕಡೆಯ ಬಾಗಿಲು ತೆರೆದ.

"ಮತ್ತೆಂತಕ್ಕೆ ಜೀಪಲ್ಲಿ ಕೂತಿದ್ದೀರಿ? ಇಳೀರಿ."

ಇಳಿದೆ. ಇಡೀ ಏರನ್ನು ಆ ಹೆಂಗಸಿನ ಜೊತೆ ಸೈಕಲ್ ನೂಕಿಕೊಂಡು ಹತ್ತಿದೆ. ಅವನು ಜೀಪನ್ನು ನಮ್ಮ ಹಿಂದೆಯೇ ನಿಧಾನಕ್ಕೆ ಬಿಟ್ಟುಕೊಂಡು ಬಂದ, ನಾನು ಯಾವುದಾದರೂ ಗಾಡಿ ಹತ್ತದಂತೆ ನೋಡಿಕೊಳ್ಳಲು.

ಸಂಜೆ ಶೃಂಗೇರಿಯಲ್ಲಿ ಎಂಜಿನಿಯರು ಮಾಲೀಕನಿಗೆ ಲೆಕ್ಕ ಓದಿದ, ಒಂದು ಕಿಲೋಮೀಟರೂ ಕಡಿಮೆ ಬಿದ್ದಿರಲಿಲ್ಲ. ಜನವರಿಯಲ್ಲಿ ಕೆಲಸ ಕಾಯಂ ಆಯಿತು. ಅದು ಯಾಕೆ ಆಯಿತು ಎಂಬುದಕ್ಕೆ ನನ್ನಲ್ಲಿ ಒಂದು ವಿವರಣೆ ಇದೆ, ಜೀಪಿನವನಲ್ಲಿ ಒಂದಿದೆ. ಹೆಂಡತಿ ಎರಡನ್ನೂ ಕೇಳಿದ್ದಾಳೆ. ಯಾವುದನ್ನು ನಂಬುತ್ತೀಯ ಎಂದು ನಾನು ಕೇಳಲಿಲ್ಲ. ಕೆಲಸ ಕಾಯಂ ಆದ ವಾರದ ಭಾನುವಾರ ಅವಳು ಜೀಪಿನವನನ್ನು ಊಟಕ್ಕೆ ಕರೆದಿದ್ದಳು.